ಜೀವಕೋಶವು ಹೊನ್ನಾವರ ಮೂಲದ್ದೆಂಬ ಸಿದ್ಧಾಂತ

ಡಿಎನ್‌ಎಯನ್ನು ಪ್ರತಿ ಮಾಡುವ ಕ್ರಮವನ್ನೂ ಜೀನುಗಳನ್ನು ಆರ್‌ಎನ್‌ಎಗೆ ಇಳಿಸುವ ಕ್ರಮವನ್ನೂ ಜೀವಕೋಶವು ಹೊನ್ನಾವರ ಸೀಮೆಯ ಯಕ್ಷಗಾನ ಮೇಳಗಳಿಂದ ಕದ್ದಿದೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಮೊದಲ ಪ್ರಮಾಣ ತಪ್ಪುಗಳ ಲೆಕ್ಕದ್ದು. ಕೋಶ ಇಬ್ಭಾಗವಾಗುವ ಮುನ್ನ ಡಿಎನ್‌ಎಯ ಎರಡೂ ಎಳೆಗಳು ಬಿಚ್ಚಿಕೊಳ್ಳುತ್ತವೆ. ಒಂದೊಂದರ ಎದುರಿಗೂ ಪಾಲಿಮರೇಸ್ ಎಂಬ ಕಿಣ್ವ ಹೊಸ ಎಳೆ ಹೆಣೆಯುತ್ತದೆ, ಎ ಎದುರು ಟಿ, ಜಿ ಎದುರು ಸಿ. ತಪ್ಪಕ್ಷರ ಬಿದ್ದರೆ ಅದೇ ಕಿಣ್ವ ಹಿಂದೆ ಸರಿದು, ಅದನ್ನು ಕಿತ್ತೊಗೆದು, ಮತ್ತೆ ಬರೆಯುತ್ತದೆ. ಅದರ ಕಣ್ಣಿಗೂ ಬೀಳದ್ದನ್ನು ಹಿಂದಿನಿಂದ ಬರುವ ರಿಪೇರಿ ಕಿಣ್ವಗಳು ಹಿಡಿಯುತ್ತವೆ. ಕೊನೆಗೆ ಉಳಿಯುವುದು 100 ಕೋಟಿ ಅಕ್ಷರಕ್ಕೆ ಒಂದು ತಪ್ಪಿನ ಆಸುಪಾಸು. ಆರ್‌ಎನ್‌ಎ ಬರೆಯುವಾಗಲಾದರೋ, ಹತ್ತು ಸಾವಿರದಿಂದ ಒಂದು ಲಕ್ಷ ಅಕ್ಷರಕ್ಕೊಂದು ತಪ್ಪು ನುಸುಳಿದರೂ ಕೋಶ ತಲೆ ಕೆಡಿಸಿಕೊಳ್ಳದು. ಪ್ರಸಂಗದ ಪ್ರತಿ ಎತ್ತುವವನು ತಪ್ಪಿದರೆ ಮುಂದಿನ ಪ್ರತಿಗಳೆಲ್ಲ ಕೆಡುತ್ತವೆ. ಭಾಗವತರ ಬಾಯಲ್ಲಿ ಒಂದಕ್ಷರ ಜಾರಿದರೆ ಆ ರಾತ್ರಿಯ ಆಟಕ್ಕಷ್ಟೇ ಬಾಧೆ, ಅದೂ ಚಂಡೆಯ ಸದ್ದಿನಲ್ಲಿ ಯಾರಿಗಾದರೂ ಕೇಳಿಸಿದ್ದರೆ. ಇಂಥ ವಿವೇಕ ಕೋಶಕ್ಕೆ ತಾನಾಗಿಯೇ ಹೊಳೆಯಿತೆಂದು ನಂಬುವುದು ಕಷ್ಟ.

ಭಟ್ಕಳದ ಮಲ್ಲಿಗೆಗೂ ಕುಮಟಾದ ಸಿಹಿ ಈರುಳ್ಳಿಗೂ ಯಕ್ಷಗಾನದ ಗಂಧವೇ ಇಲ್ಲ, ಅವೂ ಇದನ್ನೇ ಮಾಡುತ್ತವಲ್ಲ ಎಂದು ಪೂರ್ವಪಕ್ಷದವರು ಕೇಳಬಹುದು. ಇದು ನಮ್ಮ ವಾದಕ್ಕೇ ಬಲ. ಮಲ್ಲಿಗೆಯ ಬೇರಿನಲ್ಲೂ ಮೊಗ್ಗಿನಲ್ಲೂ ಡಿಎನ್‌ಎ ಒಂದೇ. ಬೇರು ಓದಿಸಿಕೊಳ್ಳುವ ಜೀನುಗಳು ಬೇರೆ, ಮೊಗ್ಗಿನವು ಬೇರೆ. ಒಂದೇ ಮೇಳ ಭಟ್ಕಳದಲ್ಲಿ ಒಂದು ಪ್ರಸಂಗ ಆಡಿ, ಕುಮಟಾದಲ್ಲಿ ಇನ್ನೊಂದು ಆಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಿರ್ಣಾಯಕ ಸಾಕ್ಷಿ ನಮ್ಮ ಮಾಂಸಖಂಡಗಳಲ್ಲೇ ಇದೆ. ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ಜೀನು 22 ಲಕ್ಷ ಅಕ್ಷರಗಳನ್ನೂ ಮೀರಿದ್ದು. ಅದನ್ನು ಪೂರ್ತಿ ಆರ್‌ಎನ್‌ಎಗೆ ಇಳಿಸಲು ಸುಮಾರು 16 ಗಂಟೆ ಬೇಕು. ಬೆಳಗಿನವರೆಗಿನ ಆಟವೂ ಅಷ್ಟು ಹೊತ್ತು ನಡೆಯುವುದಿಲ್ಲ. ಹಾಡುತ್ತ ಹಾಡುತ್ತಲೇ ಕೋಶ ನಡುನಡುವಿನ ಭಾಗಗಳನ್ನು ಕತ್ತರಿಸಿ ಬಿಸಾಡಿ, 79 ತುಂಡುಗಳನ್ನು ಜೋಡಿಸಿ, ಬರೀ 14 ಸಾವಿರ ಅಕ್ಷರಗಳನ್ನು ಚೌಕಿಯಿಂದ ರಂಗಸ್ಥಳಕ್ಕೆ, ಎಂದರೆ ಕೋಶಕೇಂದ್ರದಿಂದ ಹೊರಕ್ಕೆ ಕಳಿಸುತ್ತದೆ. ಕಾಲಮಿತಿ ಆಟದಿಂದ ಕಲೆ ಕೆಟ್ಟಿತೆಂದು ಗೊಣಗುವ ಹಿರಿಯರು ಮೊದಲು ತಮ್ಮ ತೊಡೆಯನ್ನೇ ಬೈಯಬೇಕು. ಪದ್ಯ ಬಿಡುವುದಿದ್ದರೆ ಭಾಗವತರು ಹಾಡುವ ಮೊದಲೇ ಬಿಡುತ್ತಾರೆ. ಹಾಡಿ ಆಮೇಲೆ ಕತ್ತರಿಸುವುದು ಅರೆಕಲಿತ ಶಿಷ್ಯನ ಲಕ್ಷಣ. ಕಳ್ಳ ಸಿಕ್ಕಿಬಿದ್ದದ್ದು ಇಲ್ಲಿಯೇ.

1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಆರ್‌ಎನ್‌ಎ ನೋಡಿಕೊಂಡು ಡಿಎನ್‌ಎ ಬರೆಯುವ ಕಿಣ್ವವನ್ನು ವೈರಸ್ಸುಗಳಲ್ಲಿ ಕಂಡರಲ್ಲ ಎಂಬ ತಕರಾರೂ ನಿಲ್ಲದು. ಆಟದಲ್ಲಿ ಕೇಳಿದ ಪದ್ಯವನ್ನು ಮನೆಗೆ ಹೋಗಿ ಪಟ್ಟಿಯಲ್ಲಿ ಬರೆದುಕೊಂಡವರು ಕರಾವಳಿಯಲ್ಲಿ ಕಡಿಮೆಯೇ? ವೇಷಧಾರಿಯ ಅರ್ಥ ಮಾತ್ರ ಎಷ್ಟೇ ಸೊಗಸಾಗಿದ್ದರೂ ಮರಳಿ ಪದ್ಯವಾಗದು, ಪ್ರೋಟೀನು ಮರಳಿ ಆರ್‌ಎನ್‌ಎ ಆಗದು. ಆಗಬೇಕೆಂಬ ಆಸೆ ಕೆಲವು ಕಲಾವಿದರಿಗೆ ಇರುವುದು ಬೇರೆ ಮಾತು. ಇನ್ನುಳಿದದ್ದು ಕಾಲದ ಆಕ್ಷೇಪ: ಗುಣವಂತೆಯಲ್ಲಿ ಇಡಗುಂಜಿ ಮೇಳ ಹುಟ್ಟಿದ್ದು 1934ರಲ್ಲಿ, ಕೋಶ ಹುಟ್ಟಿ 350 ಕೋಟಿ ವರ್ಷವಾಯಿತು, ಮೊದಲು ಹುಟ್ಟಿದವ ಆಮೇಲೆ ಹುಟ್ಟಿದವನಿಂದ ಕದ್ದದ್ದು ಹೇಗೆ? ವಯಸ್ಸು ನೋಡಿ ಗುರು ಯಾರೆಂದು ತೀರ್ಮಾನಿಸುವುದು ಶಾಸ್ತ್ರಸಮ್ಮತವಲ್ಲ. ಇಷ್ಟು ವರ್ಷ ಅಭ್ಯಾಸ ಮಾಡಿಯೂ ಕೋಶಕ್ಕೆ ಚಂಡೆಯ ಒಂದು ಪೆಟ್ಟು ಹಾಕಲು ಬಂದಿಲ್ಲ.