ರೂಟರಾರಂಭ ಮೀಮಾಂಸೆ
(ಹತ್ತು ಜನ ಬಳಸುವ ವರ್ಕ್‌ಶಾಪಿನ ಸಿಎನ್‌ಸಿ ರೂಟರನ್ನು ಚಾಲೂ ಮಾಡುವ ಮುನ್ನ ವಿಚಾರಿಸತಕ್ಕ ಕರ್ಮ, ಪ್ರಮಾಣ ಮತ್ತು ಫಲಗಳ ನಿರ್ಣಯ)

ಅನುಬಂಧ ಚತುಷ್ಟಯ

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಬೇಕು. ಈ ಗ್ರಂಥದ ವಿಷಯ ನಾಲ್ಕಡಿ ಅಗಲ, ಎಂಟಡಿ ಉದ್ದದ ಬೆಡ್ಡಿನ ಮೇಲೆ ಮೂರು ಅಕ್ಷಗಳಲ್ಲಿ ಓಡಾಡುತ್ತ, ಬೆಂಗಳೂರಿನ ದೇವರಮನೆ ಬಾಗಿಲಿನ ಜಾಲರಿಯಿಂದ ಹಿಡಿದು ಸ್ಟಾರ್ಟಪ್ಪಿನವರ ನಾಮಫಲಕದವರೆಗೆ ಎಲ್ಲವನ್ನೂ ನಿರ್ವಿಕಾರವಾಗಿ ಕೊರೆಯುವ ರೂಟರ್. ಪ್ರಯೋಜನ, ಹತ್ತು ಬೆರಳು. ಸಂಬಂಧ, ಆ ಬೆರಳಿಗೂ ಬಿಟ್ಟಿಗೂ ಯಾವ ಸಂಬಂಧವೂ ಒದಗಕೂಡದೆಂಬುದು.

ಅಧಿಕಾರಿ ಯಾರೆಂಬಲ್ಲಿ ಮತಭೇದವಿದೆ. ಸದಸ್ಯತ್ವದ ಹಣ ಕಟ್ಟಿದವನೇ ಅಧಿಕಾರಿ ಎಂದು ಕೆಲವರು. ಹಣ ಬಾಕಿಯಿದ್ದರೂ ವಿಡಿಯೋ ನೋಡಿದವನೇ ಅಧಿಕಾರಿ ಎಂದು ಹಲವರು. ಎರಡೂ ಅಗ್ರಾಹ್ಯ. ಕೊರಳಿನ ಐಡಿ ಕಾರ್ಡು, ಇಳಿಬಿಟ್ಟ ದುಪಟ್ಟಾ, ಗುಂಡಿ ಬಿಚ್ಚಿದ ತುಂಬುತೋಳು, ಕೈಗವಸು ಎಂಬ ನಾಲ್ಕನ್ನೂ ತ್ಯಜಿಸಿ, ಕೂದಲು ಬಿಗಿದು ಕಟ್ಟಿ, ಕಣ್ಣಿಗೆ ಸುರಕ್ಷಾ ಕನ್ನಡಕ, ಕಿವಿಗೆ ಮಫ್ ತೊಟ್ಟವನೇ ಸಾಧನ ಚತುಷ್ಟಯ ಸಂಪನ್ನ. ಗವಸು ಕೈಯ ರಕ್ಷಣೆಗೇ ಇರುವುದಲ್ಲವೇ ಎಂದರೆ, ಅಲ್ಲ. ತಿರುಗುವ ಬಿಟ್ ತಾಗಿದರೆ ಬರಿಗೈಗೆ ಗಾಯವಾದೀತು; ಗವಸಿನ ನೂಲು ಸಿಕ್ಕಿದರೆ ಕೈಯೇ ಸ್ಪಿಂಡಲ್ಲಿಗೆ ಸುತ್ತಿಕೊಂಡೀತು.

ವಂಶಾವಳಿ

ಹೆಲಿಕಾಪ್ಟರಿನ ರೆಕ್ಕೆಗಳನ್ನು ನಿಖರವಾಗಿ ರೂಪಿಸುವ ಚಿಂತೆಯಲ್ಲಿದ್ದ ಅಮೆರಿಕದ ಜಾನ್ ಪಾರ್ಸನ್ಸ್ ಈ ವಂಶದ ಮೂಲಪುರುಷ. ಅಂಕಿಗಳ ಆಜ್ಞೆಯಂತೆ ಚಲಿಸುವ ಮಿಲ್ಲಿಂಗ್ ಯಂತ್ರವನ್ನು 1952ರಲ್ಲಿ ಎಂಐಟಿಯವರು ಲೋಕಕ್ಕೆ ತೋರಿಸಿದರು. ಆಜ್ಞೆಗಳಿದ್ದದ್ದು ತೂತು ಹೊಡೆದ ಟೇಪಿನಲ್ಲಿ. ಅದೇ ಎಂಐಟಿ ಅರ್ಧ ಶತಮಾನದ ತರುವಾಯ, ಊರವರೆಲ್ಲ ಯಂತ್ರ ಹಂಚಿಕೊಂಡು ದುಡಿಯುವ ಫ್ಯಾಬ್ ಲ್ಯಾಬ್ ಎಂಬ ಸಂಪ್ರದಾಯಕ್ಕೂ ಕಾರಣವಾಯಿತು. ಮಹಾರಾಷ್ಟ್ರದ ಪಾಬಳ್ ಗ್ರಾಮದ ವಿಜ್ಞಾನ ಆಶ್ರಮ 2002ರಲ್ಲೇ ಆ ದೀಕ್ಷೆ ಪಡೆಯಿತು. ಅಲ್ಲಿಯವರೆಗೆ ಒಂದು ಯಂತ್ರಕ್ಕೆ ಒಬ್ಬ ಆಪರೇಟರ್; ತಪ್ಪಾದರೆ ಬೈಯಲು ಒಂದೇ ಹೆಸರು. ಈಗ ಯಂತ್ರ ಒಂದು, ಯಜಮಾನರು ಊರು ತುಂಬ. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲವೆಂಬ ಗಾದೆಯ ವ್ಯಾಪ್ತಿಗೆ ರೂಟರ್ ಒಳಪಟ್ಟದ್ದು ಹೀಗೆ.

ಸಂಶಯ ಮತ್ತು ಪೂರ್ವಪಕ್ಷ

ಸ್ವಿಚ್ಚು ಹಾಕಿದಾಗ ಯಂತ್ರ ಹೊಸದಾಗಿ ಹುಟ್ಟುತ್ತದೆಯೋ, ಹಳೆಯ ಬಾಳನ್ನೇ ಮುಂದುವರಿಸುತ್ತದೆಯೋ? ಇದು ಸಂಶಯ.

ಕ್ಷಣಿಕವಾದಿಗಳು ಹೇಳುತ್ತಾರೆ: ಕರೆಂಟು ಹೋದಾಗಲೇ ಎಲ್ಲ ಅಳಿಯಿತು, ಈಗಿರುವುದು ಶುದ್ಧ ಶೂನ್ಯ, ಫೈಲು ಹಾಕಿ ಸ್ಟಾರ್ಟ್ ಒತ್ತಬಹುದು. ನಿತ್ಯವಾದಿಗಳು ಹೇಳುತ್ತಾರೆ: ನಿನ್ನೆ ಚೆನ್ನಾಗಿಯೇ ಓಡಿದೆ, ಇವತ್ತೇನು ಬಂತು ದಾಡಿ, ಫೈಲು ಹಾಕಿ ಸ್ಟಾರ್ಟ್ ಒತ್ತಬಹುದು. ಪರಸ್ಪರ ವಿರುದ್ಧವಾದ ಎರಡು ದರ್ಶನಗಳು ಒಂದೇ ಬಟನ್ನಿನ ಮೇಲೆ ಏಕಕಾಲಕ್ಕೆ ಬೆರಳಿಡುವುದು ಭಾರತೀಯ ತತ್ತ್ವಶಾಸ್ತ್ರದಲ್ಲಿ ಅಪರೂಪದ ಸಮನ್ವಯ.

ಸಿದ್ಧಾಂತ

ಎರಡೂ ಅರ್ಧ ಸುಳ್ಳು. ವರ್ಕ್‌ಶಾಪುಗಳಲ್ಲಿ ಹೆಚ್ಚಾಗಿ ಕಾಣುವ ಸ್ಟೆಪ್ಪರ್ ಮೋಟರಿನ ರೂಟರುಗಳನ್ನು ನೋಡಿ. ಕರೆಂಟು ಹೋದೊಡನೆ ಅವುಗಳಿಗೆ ತಮ್ಮ ದೇಹ ಎಲ್ಲಿದೆಯೆಂಬುದೇ ಮರೆತುಹೋಗುತ್ತದೆ. ಆದರೆ ಜಿಆರ್‌ಬಿಎಲ್‌ನಂಥ ಕಂಟ್ರೋಲರುಗಳಲ್ಲಿ ಹಿಂದಿನವನು ಹಾಕಿದ ಜೀರೋ, ಅಂದರೆ ಜಿ54 ಎಂಬ ವರ್ಕ್ ಆಫ್‌ಸೆಟ್, ಹಾಗೇ ಉಳಿದಿರುತ್ತದೆ. ದೇಹದ ನೆನಪಿಲ್ಲ, ಕರ್ಮದ ಶೇಷವಿದೆ. ಪೂರ್ವಜನ್ಮದ ಅರಿವಿಲ್ಲದೆಯೂ ಅದರ ಫಲ ಉಣ್ಣುವ ಜೀವಾತ್ಮನ ಸ್ಥಿತಿಯನ್ನು ಆಚಾರ್ಯರು ಎಷ್ಟೋ ಗ್ರಂಥಗಳಲ್ಲಿ ವಿವರಿಸಿದರು. ಎಂಡಿಎಫ್ ಹಲಗೆ ಅದನ್ನು ಒಂದೇ ಸೆಕೆಂಡಿನಲ್ಲಿ ವಿವರಿಸುತ್ತದೆ.

ಉದಾಹರಣೆ. ಹಿಂದಿನವನು 6 ಎಂಎಂ ಹಲಗೆಯ ಮೇಲ್ಮೈಗೆ ಜೀರೋ ಹಾಕಿ ಮನೆಗೆ ಹೋಗಿದ್ದಾನೆ. ಬಿಟ್ ಅದೇ ಇದೆ, ನೀವು 18 ಎಂಎಂ ಹಲಗೆ ಬಿಗಿದಿದ್ದೀರಿ; ಯಂತ್ರಕ್ಕೆ ದೇಹದ ನೆನಪು ಮರಳಿದ್ದರೂ ಜೀರೋ ಹಳೆಯದೇ. ಜೀರೋ ಮೇಲೆ 5 ಎಂಎಂ ಎತ್ತರವೇ ಸುರಕ್ಷಿತವೆಂದು ನಿಮ್ಮ ಪ್ರೋಗ್ರಾಮು ನಂಬಿದೆ. ಆ ಲೆಕ್ಕದಲ್ಲಿ ಬಿಟ್ಟಿನ ತುದಿ ಬೆಡ್ಡಿನಿಂದ 11 ಎಂಎಂ ಮೇಲಿರುತ್ತದೆ, ಅಂದರೆ ನಿಮ್ಮ ಹಲಗೆಯೊಳಗೆ 7 ಎಂಎಂ ಆಳದಲ್ಲಿ. ಅಲ್ಲಿಂದ ಅದು ಜಿ0 ಆಜ್ಞೆಯಂತೆ, ಯಂತ್ರಕ್ಕೆ ಸಾಧ್ಯವಿರುವ ಪರಮವೇಗದಲ್ಲಿ ಓಡುತ್ತದೆ. ಕಡತದಲ್ಲಿ ಇದರ ಹೆಸರು ಈಗಲೂ ಸುರಕ್ಷಿತ ಎತ್ತರವೇ.

ಇನ್ನೊಂದು ವಾಸನೆ ಅಳತೆಯದು. ಹಿಂದಿನವನು ಜಿ20 ಎಂದು ಇಂಚಿನಲ್ಲಿ ಬಿಟ್ಟು ಎದ್ದು, ನಡುವೆ ಯಾರೂ ರೀಸೆಟ್ ಮಾಡದೆ, ನಿಮ್ಮ ಫೈಲೂ ಜಿ21 ಎಂದು ಮಿಲಿಮೀಟರನ್ನು ಘೋಷಿಸದಿದ್ದರೆ, ನೀವು ಬೇಡಿದ ಹತ್ತು 254 ಆಗಿ ಲಭಿಸುತ್ತದೆ. ದೇವರು ಕೊಟ್ಟರೆ ಹೀಗೆ ಕೊಡಬೇಕೆನ್ನುವವರು ಸ್ಪಿಂಡಲ್ ಹೊತ್ತು ಬರುವ ಗ್ಯಾಂಟ್ರಿ ಎದುರು ನಿಂತು ಹೇಳಲಿ.

ಇದಕ್ಕೆ ಪ್ರಾಯಶ್ಚಿತ್ತ ಎರಡು ಹಂತದ್ದು. ಮೊದಲನೆಯದು ಹೋಮಿಂಗ್. ಹೋಮ ಮಾಡಬೇಕೆಂದು ತಿಳಿದು ಪುರೋಹಿತರನ್ನು ಕರೆಸಬೇಕಾಗಿಲ್ಲ. ಝಡ್ ಅಕ್ಷ ಮೊದಲು ಮೇಲೇರಬೇಕು, ಆಮೇಲೆ ಎಕ್ಸ್, ವೈ ತಮ್ಮ ಸ್ವಿಚ್ಚುಗಳನ್ನು ಮುಟ್ಟಿ ಬರಬೇಕು, ಅಷ್ಟೇ. ಝಡ್ ಮೊದಲೇಕೆಂದರೆ, ತಗ್ಗಿದ ಬಿಟ್ ಊರು ಸುತ್ತಿದರೆ ದಾರಿಯಲ್ಲಿ ಸಿಗುವುದು ಕ್ಲ್ಯಾಂಪು. ಹೋಮಿಂಗ್ ಆಗುವ ತನಕ ಕಂಟ್ರೋಲರ್ ಅಲಾರಂ ಹೇಳಿ ಬೀಗ ಹಾಕಿಕೊಂಡಿದ್ದರೆ, ಡಾಲರ್ ಎಕ್ಸ್ ಎಂಬ ಬೀಜಾಕ್ಷರದಿಂದ ಬೀಗ ಒಡೆಯಬಹುದೆಂಬುದು ವಾಮಾಚಾರಿಗಳ ಮತ, ಶಿಷ್ಟರಿಗೆ ಸಲ್ಲದು. ಎರಡನೆಯ ಹಂತ, ಮೂರೂ ಅಕ್ಷಗಳಿಗೆ ಸ್ವಹಸ್ತದಿಂದ ಹೊಸ ಜೀರೋ ಹಾಕುವುದು. ಮೊದಲನೆಯದರಿಂದ ದೇಹಭಾವ ಮರಳುತ್ತದೆ, ಎರಡನೆಯದರಿಂದ ಪ್ರಾರಬ್ಧ ಹರಿಯುತ್ತದೆ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟವನು ಉಭಯಭ್ರಷ್ಟ.

ಪ್ರಮಾಣ ವಿಚಾರ

ಶಬ್ದಪ್ರಮಾಣ: 'ಎಲ್ಲಾ ಸೆಟ್ಟಾಗಿದೆ ಸಾರ್, ಸುಮ್ನೆ ಸ್ಟಾರ್ಟ್ ಕೊಡಿ.' ಹೇಳಿದವನು ಅಷ್ಟರಲ್ಲಿ ಟೀ ಕುಡಿಯಲು ಹೋಗಿರುವುದರಿಂದ ಇದನ್ನು ಆಪ್ತವಾಕ್ಯವೆಂದು ಒಪ್ಪಲಾಗದು.

ಉಪಮಾನ: 'ನಮ್ಮ ಕಾಲೇಜಿನ ಮೆಷಿನ್ನೂ ಇದರ ಥರಾನೇ.' ಅಲ್ಲಿ ಜೀರೋ ಎಡಮೂಲೆಯಲ್ಲಿತ್ತು, ಇಲ್ಲಿ ನಟ್ಟನಡುವೆ ಇದ್ದೀತು.

ಅನುಪಲಬ್ಧಿ: ಸ್ಪಿಂಡಲ್ ತಿರುಗುತ್ತಿರುವುದು ಕಾಣುತ್ತಿಲ್ಲ, ಆದ್ದರಿಂದ ಅದು ಆಫ್. ಇದು ಘೋರ ಹೇತ್ವಾಭಾಸ. ಎಂ3 ಎಂಬ ಒಂದು ಆಜ್ಞೆ ಬಂದರೆ ನಿಂತದ್ದು ತಿರುಗುತ್ತದೆ. 18,000 ಆರ್‌ಪಿಎಂನಲ್ಲಿ 25 ಎಂಎಂ ವ್ಯಾಸದ ಬಿಟ್ಟಿನ ಅಂಚು ಗಂಟೆಗೆ ಸುಮಾರು 85 ಕಿಲೋಮೀಟರ್ ವೇಗದಲ್ಲಿರುತ್ತದೆ. ಬೆಂಗಳೂರಿನ ರಸ್ತೆಯಲ್ಲಿ ಯಾರಿಗೂ ದಕ್ಕದ ವೇಗ. ಬಿಟ್ ಬದಲಿಸುವ ಮುನ್ನ ಸ್ಪಿಂಡಲ್ಲಿನ ಕರೆಂಟನ್ನೇ ತೆಗೆಯತಕ್ಕದ್ದು.

ಅನುಮಾನ: ಹೊಗೆಯಿದ್ದಲ್ಲಿ ಬೆಂಕಿಯೆಂದು ನೈಯಾಯಿಕರು ಬೆಟ್ಟ ತೋರಿಸಿ ಕಲಿಸಿದ ಪಾಠ ಮತ್ತೆಲ್ಲೂ ಇಷ್ಟು ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ಆದರೆ ಇಲ್ಲಿ ಬೆಂಕಿಗೆ ಕಾರಣ ಹಲವು ಸಲ ಆತುರವಲ್ಲ, ಅತಿವಿನಯ. ಎರಡು ಅಲಗಿನ ಬಿಟ್ 18,000 ಆರ್‌ಪಿಎಂನಲ್ಲಿ ಪ್ರತಿ ಅಲಗಿಗೆ 0.1 ಎಂಎಂ ಕಡಿಯಬೇಕಾದರೆ ನಿಮಿಷಕ್ಕೆ 3,600 ಎಂಎಂ ಸಾಗಬೇಕು. ಹೆದರಿದವನು ಆರ್‌ಪಿಎಂ ಹಾಗೇ ಬಿಟ್ಟು ಫೀಡನ್ನು ಮಾತ್ರ 600ಕ್ಕೆ ಇಳಿಸುತ್ತಾನೆ. ಆಗ ಅಲಗು ಕಡಿಯುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ಸಿಪ್ಪೆಯ ಜೊತೆ ಆಚೆ ಹೋಗಬೇಕಾದ ಬಿಸಿ ಅಲ್ಲೇ ಉಳಿಯುತ್ತದೆ. ಒಂದು ಕೆಂಡ ಡಸ್ಟ್ ಕಲೆಕ್ಟರಿನ ಪೈಪಿನಲ್ಲಿ ಪಯಣ ಬೆಳೆಸಿ, ಒಣಹೊಟ್ಟಿನ ಚೀಲದಲ್ಲಿ ತಂಗುತ್ತದೆ. ನಿಧಾನವೇ ಪ್ರಧಾನವೆಂಬ ಸ್ಮೃತಿವಾಕ್ಯ ಸ್ಟಾರ್ಟ್ ಒತ್ತುವವರೆಗೆ ಮಾತ್ರ ಪ್ರಮಾಣ. ಹಾಗೆಂದು ಕಲೆಕ್ಟರನ್ನೇ ಬಿಡುವಂತಿಲ್ಲ: ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಂದನೇ ಗುಂಪಿನ ಕ್ಯಾನ್ಸರ್‌ಕಾರಕಗಳಲ್ಲಿ ಸೇರಿಸಿದೆ.

ಉಳಿದದ್ದು ಪ್ರತ್ಯಕ್ಷ. ಅದೊಂದೇ ನಂಬತಕ್ಕದ್ದು, ಅದಕ್ಕೆ ಬಗ್ಗಿ ನೋಡಬೇಕು.

ರಕ್ತಛತ್ರ ಪ್ರಕರಣ

ಹಳದಿ ಪೀಠದ ಮೇಲೆ ಕೆಂಪು ಅಣಬೆಯಂತೆ ವಿರಾಜಮಾನವಾಗಿರುವ ಎಮರ್ಜೆನ್ಸಿ ಸ್ಟಾಪನ್ನು ಆಪತ್ತು ಬಂದಾಗ ಹುಡುಕುವುದು ಲೌಕಿಕರ ಪದ್ಧತಿ. ಮೀಮಾಂಸಕನು ಆಪತ್ತಿಗೆ ಮೊದಲೇ ಒತ್ತಿ ನೋಡುತ್ತಾನೆ. ಒತ್ತಿದರೆ ಯಂತ್ರ ಸ್ತಬ್ಧವಾಗಬೇಕು, ಅಣಬೆ ಒಳಗೇ ಕಚ್ಚಿಕೊಂಡಿರಬೇಕು. ತಿರುಗಿಸಿ ಬಿಟ್ಟಾಗ ಯಂತ್ರ ತಾನಾಗಿ ಚಲಿಸಕೂಡದು. ಚಲಿಸಿದರೆ ಅಂದಿಗೆ ಅನಧ್ಯಯನ, ಬಾಗಿಲಿಗೆ ಬೀಗ. ಆಯುಧಪೂಜೆಯ ಮರುದಿನ ವಿಶೇಷ ವಿಧಿಯುಂಟು: ಗ್ಯಾಂಟ್ರಿಗೆ ಕಟ್ಟಿದ ಬಾಳೆಕಂದು, ಸ್ಪಿಂಡಲ್ಲಿಗೆ ಹಾಕಿದ ಸೇವಂತಿಗೆ ಹಾರ, ಹಳಿಗಳ ಮೇಲಿನ ಅರಿಶಿನ ಕುಂಕುಮ ತೆಗೆದ ಬಳಿಕವೇ ಹೋಮಿಂಗ್. ಕರ್ಪೂರ ಹಚ್ಚುವ ಭಕ್ತಿಯನ್ನು ಹೊಟ್ಟಿನ ರಾಶಿಯಿಂದ ದೂರದಲ್ಲಿ ಪ್ರದರ್ಶಿಸುವುದು.

ಕರ್ಮಕಾಂಡ

ಬೆಡ್ಡಿನ ಮೇಲಿಂದ ಸ್ಕೇಲು, ಮೊಬೈಲು, ಟೀ ಲೋಟ ಎತ್ತುವುದು. ನೀರಿನಿಂದ ತಣಿಯುವ ಸ್ಪಿಂಡಲ್ಲಾದರೆ ಪಂಪು ಹಾಕಿ, ನೀರು ವಾಪಸ್ಸು ಬೀಳುವುದನ್ನು ಕಣ್ಣಾರೆ ಕಾಣುವುದು. ಇಆರ್ ಕೋಲೆಟ್ಟನ್ನು ಮೊದಲು ನಟ್ಟಿನೊಳಗೆ ಟಕ್ಕೆಂದು ಕೂರಿಸಿ, ಆಮೇಲೆ ಬಿಟ್ ಇಳಿಸಿ, ಎರಡು ಸ್ಪ್ಯಾನರುಗಳಿಂದ ಬಿಗಿಯುವುದು. ಹಲಗೆ ಅಲುಗಿಸಿ ನೋಡುವುದು. ಅಲುಗಿದರೆ ಮತ್ತೆ ಬಿಗಿಯುವುದು. ಸ್ಕ್ರೂ ಹೊಡೆದಿದ್ದರೆ ಬಿಟ್ಟಿನ ದಾರಿಯಲ್ಲಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ಹೋಮಿಂಗ್ ಮುಗಿಸಿ, ಎಕ್ಸ್, ವೈ ಜೀರೋ ಹಾಕಿ, ಟಚ್ ಪ್ಲೇಟಿನಿಂದ ಝಡ್ ಜೀರೋ ಹಾಕಿ, ಬಿಟ್ಟಿಗೆ ಕಚ್ಚಿಸಿದ ಕ್ಲಿಪ್ಪನ್ನು ಮರೆಯದೆ ತೆಗೆಯುವುದು. ಮರೆತರೆ ಸ್ಪಿಂಡಲ್ ಅದನ್ನು ವೈರು ಸಮೇತ ನೆನಪಿಸುತ್ತದೆ. ಝಡ್ ಜೀರೋವನ್ನು 25 ಎಂಎಂ ಮೇಲೇರಿಸಿ, ಪ್ರೋಗ್ರಾಮನ್ನು ಒಮ್ಮೆ ಗಾಳಿಯಲ್ಲಿ ಓಡಿಸುವುದು. ಇದಕ್ಕೆ ಏರ್ ಕಟ್ ಎಂದು ಹೆಸರು. ನೋಡುವವರು ನಗುತ್ತಾರೆ, ನಗಲಿ. ಜೀರೋ ಇಳಿಸಿ, ಕಡಿಮೆ ಆರ್‌ಪಿಎಂನಿಂದ ಮೆಟ್ಟಿಲು ಮೆಟ್ಟಿಲಾಗಿ ಸ್ಪಿಂಡಲ್ಲನ್ನು ಬೆಚ್ಚಗಾಗಿಸಿ, ಡಸ್ಟ್ ಕಲೆಕ್ಟರ್ ಹಾಕಿ, ಒಂದು ಕೈ ಕೆಂಪು ಅಣಬೆಯ ಬಳಿ ಇಟ್ಟು ಸ್ಟಾರ್ಟ್ ಒತ್ತುವುದು. ಆಮೇಲೆ ಜಾಬ್ ಮುಗಿಯುವವರೆಗೂ ಅಲ್ಲಿಂದ ಕದಲದಿರುವುದು.

ಫಲಶ್ರುತಿ

ಈ ಪ್ರಕರಣವನ್ನು ನಿತ್ಯವೂ ಪಠಿಸಿ ಆಚರಿಸಿದವನಿಗೆ ಕಣ್ಣೆರಡು, ಕಿವಿಯೆರಡು, ಬೆರಳು ಹತ್ತು ಎಂಬ ಸಂಖ್ಯೆಗಳು ಕುಂದುವುದಿಲ್ಲ. ಬಿಟ್ಟಿಗೆ ಕೊಟ್ಟ ದುಡ್ಡು ಬಿಟ್ಟಿಯಾಗಿ ಹೋಗುವುದಿಲ್ಲ. ಜಾಲರಿಯಲ್ಲಿ ಗಣಪತಿಯ ಸೊಂಡಿಲು ತುಂಡಾಗುವುದಿಲ್ಲ. ಪಠಿಸಿ ಆಚರಿಸದವನಿಗೆ ಪಠಿಸದವನ ಫಲವೇ.

ಕರ್ಮಸಿದ್ಧಾಂತದ ಉತ್ತರಾರ್ಧವನ್ನು ಹೇಳಿ ಗ್ರಂಥವನ್ನು ಮುಗಿಸಬಹುದು. ಹಿಂದಿನವನನ್ನು ಬೈಯುತ್ತ ಯಂತ್ರ ಹಚ್ಚಿದವನು ಸಂಜೆ ಅದನ್ನು ಆರಿಸುವಾಗ ತಾನೇ ಮುಂದಿನವನ ಪೂರ್ವಜನ್ಮವಾಗುತ್ತಾನೆ. ಆದ್ದರಿಂದ ಝಡ್ಡನ್ನು ಮೇಲಕ್ಕೆತ್ತಿ, ಬಿಟ್ ಕಳಚಿ, ಆಫ್‌ಸೆಟ್ ಅಳಿಸಿ, ಹೊಟ್ಟು ಗುಡಿಸಿ, ಮೊಂಡಾದ ಬಿಟ್ಟನ್ನು ಒಳ್ಳೆಯ ಬಿಟ್ಟುಗಳ ಡಬ್ಬಿಗೆ ಹಾಕದೆ, ಏನಾದರೂ ಕೆಟ್ಟಿದ್ದರೆ ಹೆಸರು ಸಮೇತ ರಿಜಿಸ್ಟರಿನಲ್ಲಿ ಬರೆದು, ಸ್ಪ್ಯಾನರುಗಳೆರಡನ್ನೂ ಮೊಳೆಗೆ ತೂಗುಹಾಕಿ ಹೋಗತಕ್ಕದ್ದು.