ಪಕ್ಷವಾತ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ಮೊದಲು ಶಬ್ದಕ್ಕೆ ಅರ್ಥ ಹೇಳಬೇಕು. ಹೇಳಿದ ಮೇಲೆ ಅದು ಯಾರಿಗೂ ಅರ್ಥವಾಗಬಾರದು. ಪಕ್ಷವೆಂದರೆ ಹಕ್ಕಿಯ ರೆಕ್ಕೆ, ಹದಿನೈದು ದಿನ, ಮೈಯ ಒಂದು ಮಗ್ಗುಲು, ವಾದದ ಒಂದು ಬದಿ, ಮತ್ತು ಓಟಿನ ಸಮಯಕ್ಕೆ ಮನೆಬಾಗಿಲಿಗೆ ಬರುವ ಪಾರ್ಟಿ. ತರ್ಕದಲ್ಲಿ ಪೂರ್ವಪಕ್ಷವೆಂದರೆ ಎದುರಾಳಿಯ ವಾದ. ನಮ್ಮ ರಾಜಕಾರಣದಲ್ಲಿ ಅದು ಶಾಸಕರು ಹೋದ ಚುನಾವಣೆಯವರೆಗೆ ಇದ್ದ ಜಾಗ. ಈ ಪಕ್ಷಕ್ಕೆ ವಾತ ಬಡಿದರೆ ಪಕ್ಷವಾತ, ಆಡುಮಾತಿನಲ್ಲಿ ಲಕ್ವ. ಪ್ರಸ್ತುತ ಲೇಖಕನಿಗೆ ಅದು ಎರಡು ಸಲ ಬಡಿದಿದೆ: 1978ರಲ್ಲಿ ಸ್ನೇಹಕ್ಕೆ, ಹೋದ ವರ್ಷ ಎಡಗೈ ಎಡಗಾಲಿಗೆ. ಆದ್ದರಿಂದ ಈ ವಿಷಯದಲ್ಲಿ ಆತ ಅಧಿಕಾರಿ ಎಂದು ಆತನೇ ತೀರ್ಮಾನಿಸಿದ್ದಾನೆ.

ಮೊದಲ ಪ್ರಕರಣದ ಕ್ಷೇತ್ರ ಚಿಕ್ಕಮಗಳೂರು, ಕಾಲ ನವೆಂಬರ್. ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಲೋಕಸಭಾ ಸ್ಥಾನಕ್ಕೆ ಇಂದಿರಾ ಗಾಂಧಿ ನಿಂತಿದ್ದರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ನಾವು ಮೂವರು ಒಂದೇ ರೂಮಿನ ಕಾಲೇಜು ಹುಡುಗರು. ಎರಡು ಕಾಫಿಯನ್ನು ಮೂರು ಲೋಟಕ್ಕೆ ಹಾಕಿಸಿಕೊಂಡು ಕುಡಿಯುತ್ತಿದ್ದೆವು, ಹೋಟೆಲಿನ ಪರಿಭಾಷೆಯಲ್ಲಿ ಟೂ ಬೈ ತ್ರೀ. ಸ್ನೇಹಕ್ಕೆ ಇದಕ್ಕಿಂತ ಕರಾರುವಾಕ್ಕಾದ ಗಣಿತಸೂತ್ರ ನನಗಿನ್ನೂ ಸಿಕ್ಕಿಲ್ಲ. ಅವರಲ್ಲೊಬ್ಬ ಇಂದಿರಾ ಪಕ್ಷಕ್ಕೆ ಆಗಷ್ಟೇ ಬಂದಿದ್ದ ಹಸ್ತದ ಗುರುತನ್ನು ಗೋಡೆಗಳ ಮೇಲೆ ಬರೆಯಲು ಹೊರಟ. ಶಾಸ್ತ್ರದ ಅನುಕೂಲಕ್ಕೆ ಅವನನ್ನು ಹಸ್ತಮಿತ್ರ ಎನ್ನೋಣ. ಇನ್ನೊಬ್ಬ ಜನತಾ ಪಕ್ಷದ ಗುರುತಾದ ನೇಗಿಲು ಹೊತ್ತ ರೈತನನ್ನು ಬರೆಯಲು ಹೊರಟ, ಅವನು ನೇಗಿಲಮಿತ್ರ. ಹಸ್ತ ಸುಲಭ: ಸ್ವಂತ ಕೈಯನ್ನೇ ಗೋಡೆಗೊತ್ತಿ ಸುತ್ತ ಗೆರೆ ಎಳೆದರಾಯಿತು. ಚಕ್ರ, ಚಕ್ರದೊಳಗೆ ರೈತ, ರೈತನ ಹೆಗಲ ಮೇಲೆ ನೇಗಿಲು ಬರೆಯುವಷ್ಟರಲ್ಲಿ ಕೋಳಿ ಕೂಗುತ್ತಿತ್ತು. ಪಾಟೀಲರು 77,000ಕ್ಕೂ ಹೆಚ್ಚು ಮತಗಳಿಂದ ಸೋತದ್ದಕ್ಕೆ ಪಂಡಿತರು ಏನೇನೋ ಕಾರಣ ಕೊಟ್ಟಿದ್ದಾರೆ. ಇದನ್ನು ಯಾರೂ ಗಮನಿಸಿದಂತಿಲ್ಲ.

ನಾನು ಇಬ್ಬರಿಗೂ ಸುಣ್ಣದ ಬಕೆಟ್ ಹಿಡಿದೆ. ಇದನ್ನು ತಟಸ್ಥ ನೀತಿ ಎಂದು ನಾನೂ, ಎರಡು ನಾಲಿಗೆ ಎಂದು ಅವರೂ ವ್ಯಾಖ್ಯಾನಿಸಿದೆವು. ಒಂದು ರಾತ್ರಿ ರೈತನ ಮುಖಕ್ಕೆ ಸುಣ್ಣ ಬಿತ್ತು. ಬಳಿದವರು ಯಾರೆಂಬುದು ವಿವಾದಾಸ್ಪದ. ಬಕೆಟ್ ನನ್ನದೆಂಬುದು ನಿರ್ವಿವಾದ. ಅಲ್ಲಿಗೆ ಅವರಿಬ್ಬರ ಮಾತು ನಿಂತಿತು. ಮತದಾನದ ವಯಸ್ಸು ಆಗ 21, ನಮ್ಮದು 19 ಎಂಬ ಅಂಶವನ್ನು ಅಡಿಟಿಪ್ಪಣಿಗೆ ತಳ್ಳಬೇಕೆಂದಿದ್ದೆ. ಅಡಿಟಿಪ್ಪಣಿಯನ್ನೇ ಮೊದಲು ಓದುವ ಜಾಣರಿರುತ್ತಾರೆಂದು ಇಲ್ಲೇ ಹೇಳಿಬಿಟ್ಟೆ.

ನಾಯಕರೇನಾದರು? ಇಂದಿರಾ ಅವರನ್ನು ಗೆಲ್ಲಿಸಿದ ಆಗಿನ ಮುಖ್ಯಮಂತ್ರಿ ದೇವರಾಜ ಅರಸರು 1979ರಲ್ಲಿ ಅವರಿಂದ ದೂರವಾದರು. ಸೋತ ಪಾಟೀಲರು 1980ರಲ್ಲಿ ಅದೇ ಇಂದಿರಾ ಸರ್ಕಾರದಲ್ಲಿ ಮಂತ್ರಿಯಾದರು. ದೊಡ್ಡವರು ಹೀಗೆ ಜಾಗ ಅದಲುಬದಲು ಮಾಡಿಕೊಂಡರೂ, ಅವರಿಗಾಗಿ ಮುನಿಸಿಕೊಂಡ ನಮ್ಮ ಹುಡುಗರಿಬ್ಬರು ನಿಂತಲ್ಲೇ ನಿಂತರು. ಯಾರ ಮದುವೆಯಾದರೂ ಇವನು ಮೊದಲ ಪಂಕ್ತಿಗೆ ಕೂತರೆ ಅವನು ಎರಡನೆಯದಕ್ಕೆ. 1990ರಲ್ಲಿ, ಮುಖ್ಯಮಂತ್ರಿಯಾಗಿದ್ದ ಪಾಟೀಲರು ಲಕ್ವದಿಂದ ಚೇತರಿಸಿಕೊಳ್ಳುತ್ತಿದ್ದಾಗಲೇ, ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾಯಕತ್ವ ಬದಲಾವಣೆ ಸಾರಿದರು. ಪಕ್ಷವಾತದ ಎರಡೂ ಅರ್ಥಗಳು ಒಬ್ಬರ ಮೇಲೇ ಬಿದ್ದದ್ದಕ್ಕೆ ಬೇರೆ ಉದಾಹರಣೆ ಬೇಡ. ಅವತ್ತು ಪೇಪರ್ ಓದಿ ಹಸ್ತಮಿತ್ರ ಊಟ ಬಿಟ್ಟನಂತೆ. ನೇಗಿಲಮಿತ್ರನೂ ಬಿಟ್ಟನಂತೆ. ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದರು.

ಎರಡನೆಯ ಪ್ರಕರಣದಲ್ಲಿ ಹೆಪ್ಪು ಕಟ್ಟಿದ್ದು ಮೆದುಳಿನ ಬಲಗಡೆ, ಜೋತುಬಿದ್ದದ್ದು ಎಡಗೈ. ಮೆದುಳಿನ ಆಜ್ಞೆ ಹೊತ್ತು ಇಳಿಯುವ ನರಗಳಲ್ಲಿ ಹೆಚ್ಚಿನವು ಕುತ್ತಿಗೆ ಮುಟ್ಟುವ ಮೊದಲೇ ಆ ಕಡೆಯಿಂದ ಈ ಕಡೆಗೆ ದಾಟುತ್ತವೆ. ಪಕ್ಷಾಂತರ ನಿಷೇಧ ಕಾಯ್ದೆ 1985ರಲ್ಲೇ ಬಂದರೂ ನರಗಳಿಗೆ ಅನ್ವಯವಾಗಿಲ್ಲ; ಶಾಸಕರಿಗೆ ಎಷ್ಟು ಅನ್ವಯವಾಗಿದೆ ಎಂಬುದು ಬೇರೆ ಗ್ರಂಥದ ವಿಷಯ. ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಜೋಮು ಹಿಡಿದಿದೆಯೆಂದು ಹರಳೆಣ್ಣೆ ತಿಕ್ಕಿಸಿಕೊಳ್ಳುತ್ತ ನಾನು ಅದರಲ್ಲಿ ಮೂರು ಗಂಟೆ ಕಳೆದೆ. ಮಗಳು ಬೈಯುತ್ತ ಕಾರು ಓಡಿಸಿದಳು.

ಆಮೇಲೆ ಫಿಸಿಯೋಥೆರಪಿ. ಅದರಲ್ಲೊಂದು ಪದ್ಧತಿಯಿದೆ: ಗಟ್ಟಿಯಿರುವ ಕೈಗೆ ಚೀಲ ತೊಡಿಸಿ ಸುಮ್ಮನಿರಿಸುತ್ತಾರೆ, ಸೋತ ಕೈ ವಿಧಿಯಿಲ್ಲದೆ ಕೆಲಸ ಕಲಿಯುತ್ತದೆ. ವಿಧಾನಸೌಧದಲ್ಲೂ ಪ್ರಯೋಗಿಸಬಹುದಿತ್ತು.

ಸುದ್ದಿ ತಿಳಿದು ಇಬ್ಬರೂ ಒಂದೇ ದಿನ ಬಂದುಬಿಟ್ಟರು. ಮಂಚದ ಬಲಕ್ಕೊಬ್ಬ, ಎಡಕ್ಕೊಬ್ಬ. ಫಿಸಿಯೋ ಹುಡುಗಿಗೆ ಇತಿಹಾಸ ಗೊತ್ತಿಲ್ಲ. "ಅಂಕಲ್, ಇಬ್ರೂ ಆ ಕಡೆ ಈ ಕಡೆ ನಿಂತು ನಡೆಸಿ" ಎಂದಳು. ವರಾಂಡದಲ್ಲಿ ಹೊರಟೆವು.

"ಅವನಿಗೆ ಹೇಳು, ನಿಧಾನ ನಡೀಲಿ ಅಂತ."

"ಅವನಿಗೇ ಹೇಳು ಮಾರಾಯ, ಆ ಕಡೆ ಎಳೀಬೇಡ ಅಂತ."

ನನ್ನ ನಾಲಿಗೆ ಇನ್ನೂ ತೊದಲುತ್ತಿತ್ತು. ಒಂದು ಸಂದೇಶ ಮುಟ್ಟಿಸುವಷ್ಟರಲ್ಲಿ ನಾಲ್ಕು ಹೆಜ್ಜೆ ಮುಗಿಯುತ್ತಿತ್ತು. ಎರಡನೆಯ ಸುತ್ತಿಗೆ ಇಬ್ಬರಿಗೂ ತಾಳ್ಮೆ ಕೆಟ್ಟು, ನೇರವಾಗಿಯೇ ಬೈದುಕೊಂಡರು.

ಕ್ಯಾಂಟೀನಿನಲ್ಲಿ ಟೂ ಬೈ ತ್ರೀ ಹೇಳಿದೆವು. ಬಲಗೈಗೆ ಚೀಲವಿತ್ತು, ಎಡಗೈಯಲ್ಲೇ ಲೋಟ ಎತ್ತಿದೆ. ಅರ್ಧ ಅಂಗಿಯ ಪಾಲಾಯಿತು.

ನೇಗಿಲಮಿತ್ರ ಅದನ್ನೇ ನೋಡಿದ. "ಅವತ್ತು ಬಕೆಟ್ ಆದ್ರೂ ನೆಟ್ಟಗೆ ಹಿಡ್ದಿದ್ನೇನೋ ಇವ್ನು?"

"ಸುಣ್ಣ ಚೆಲ್ಲಿದ್ದೂ ಇವ್ನೇ ಇರ್ಬೇಕು ಕಣೋ," ಎಂದ ಹಸ್ತಮಿತ್ರ.

ನಾನು ಉತ್ತರಪಕ್ಷ ಮಂಡಿಸಲು ತೊದಲುತ್ತಿರುವಾಗಲೇ, ಇಬ್ಬರೂ ಕೂಡಿ ಬಿಲ್ಲನ್ನು ನನ್ನ ಕಡೆಗೆ ತಳ್ಳಿದರು.