ಟಬ್ಬಿನ ಯಜಮಾನರು

ಬೆಂಗಳೂರಿನಲ್ಲಿ ಬಾತ್‌ಟಬ್ಬಿನ ಯಜಮಾನರು ಎಂದರೆ ಸಾಮಾನ್ಯವಾಗಿ ಅರವತ್ತು ದಾಟಿದ, ನಿವೃತ್ತರಾದ, ಟಬ್ಬನ್ನು ಎಂದೂ ಬಯಸದಿದ್ದ ಗೃಹಸ್ಥರು. ಟಬ್ಬು ಫ್ಲ್ಯಾಟಿನ ಜೊತೆಗೇ ಬಂದಿರುತ್ತದೆ. ಗೃಹಪ್ರವೇಶದ ದಿನ ನೆಂಟರಿಗೆಲ್ಲ ಅದನ್ನು ತೋರಿಸಿ ಆಗುತ್ತದೆ. ಆಮೇಲೆ ಒಂದೆರಡು ಸಲ ಅದರಲ್ಲಿ ಮಲಗಿ ಸ್ನಾನವೂ ಆಗುತ್ತದೆ. ಮಲಗಿದವರು ಚೊಂಬಿನಿಂದ ತಲೆಗೆ ನೀರು ಹುಯ್ದುಕೊಳ್ಳುವುದು ಹೇಗೆಂದು ಬಗೆಹರಿಯದೆ ಪ್ರಯೋಗ ಅಲ್ಲಿಗೇ ನಿಲ್ಲುತ್ತದೆ. ತುಂಬಲು 150 ಲೀಟರಾದರೂ ನೀರು ಬೇಕು ಎಂಬ ಲೆಕ್ಕವನ್ನು ಯಜಮಾನರೇ ಹಾಕಿ ಮನೆಯವರ ಮುಂದಿಡುತ್ತಾರೆ. ಅಂದಿನಿಂದ ಟಬ್ಬು ನೀರು ಹಿಡಿದಿಡುವ ತೊಟ್ಟಿ, ರಗ್ಗು ನೆನೆಹಾಕುವ ಜಾಗ. 2024ರ ಬೇಸಿಗೆಯಲ್ಲಿ ನಗರದ ಬೋರ್‌ವೆಲ್‌ಗಳು ಬತ್ತಿದಾಗಂತೂ ದೇವರಮನೆಯ ನಂತರದ ಮರ್ಯಾದೆ ಅದಕ್ಕೇ ಸಂದಿತು.

ಟಬ್ಬಿನ ಒಳಮೈಗೆ ಕಟ್ಟುವ ಕರೆಯೇ ಯಜಮಾನರ ವ್ಯಾಸಂಗದ ವಿಷಯ. ಊರಿನವರು ‘ಉಪ್ಪುನೀರು’ ಎನ್ನುವ ಬೋರ್ ನೀರಿನಲ್ಲಿ ಈ ಕಾಟ ಕೊಡುವುದು ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಸೋಪಿನ ಕೊಬ್ಬಿನಾಮ್ಲ ಇವುಗಳ ಜೊತೆ ಸೇರಿದರೆ ನೀರಿನಲ್ಲಿ ಕರಗದ ಬೂದುಬಣ್ಣದ ಜಿಡ್ಡಾಗುತ್ತದೆ. ನೀರು ಆರಿದಲ್ಲಿ ಸುಣ್ಣದ ಪದರವೂ ಕೂಡುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಬಹುದು, ಬೇರೆ ಗತಿಯಿಲ್ಲದಿದ್ದರೆ 600ರವರೆಗೂ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. 500 ಇದೆಯೆಂದು ಹಿಡಿದರೆ 20 ಲೀಟರಿನ ಬಕೆಟ್ಟಿನಲ್ಲಿ 10 ಗ್ರಾಂ. ದಿನಕ್ಕೆ ಎರಡು ಬಕೆಟ್ ಸ್ನಾನ ಮಾಡುವವರ ಮೈಮೇಲೆ ತಿಂಗಳಿಗೆ 600 ಗ್ರಾಂ ಸುಣ್ಣ ಹರಿದುಹೋದಂತೆ. ಈ ಲೆಕ್ಕವನ್ನು ಯಜಮಾನರು ಕಾಫಿಗೆ ಬಂದವರಿಗೆಲ್ಲ ಒಪ್ಪಿಸುತ್ತಾರೆ, ಬಂದವರು ಲೋಟ ಕೆಳಗಿಡುತ್ತಾರೆ.

ಟಬ್ಬಿನ ಗೋಡೆಯಲ್ಲಿ ನೀರು ನಿಂತಿದ್ದ ಮಟ್ಟಕ್ಕೆ ಒಂದೊಂದು ಬಿಳಿ ಗೆರೆ ಮೂಡಿರುತ್ತದೆ. ಪತ್ರಿಕೆಯಲ್ಲಿ ಕೆಆರ್‌ಎಸ್ ಜಲಾಶಯದ ಮಟ್ಟ ನೋಡಿದ ಮೇಲೆ ಯಜಮಾನರು ಇವನ್ನೂ ಒಮ್ಮೆ ನೋಡಿ ಬರುತ್ತಾರೆ. ಅಲ್ಲಿ ಪೂರ್ಣಮಟ್ಟ 124.80 ಅಡಿ, ಇಲ್ಲಿ ಟ್ಯಾಂಕರ್ ಬಂದ ದಿನದ ಗೆರೆ.

ಕರೆ ತೆಗೆಯುವ ಕೆಲಸ ಹಂತಹಂತವಾಗಿ ಕೆಡುತ್ತದೆ. ಮೊದಲು ಪಾತ್ರೆ ಉಜ್ಜುವ ಸ್ಟೀಲ್ ನಾರು. ಅಕ್ರಿಲಿಕ್ ಟಬ್ಬಿಗೆ ಅದು ಗೀರು ಹಾಕುತ್ತದೆ, ಮುಂದಿನ ಕರೆ ಆ ಗೀರುಗಳಲ್ಲಿ ಭದ್ರವಾಗಿ ನೆಲೆಯೂರುತ್ತದೆ. ಎರಡನೆಯದು ಮೊಮ್ಮಗನ ಫೋನಿನಲ್ಲಿ ಕಂಡ ವಿದ್ಯೆ: ವಿನೆಗರಿಗೆ ಅಡುಗೆ ಸೋಡಾ ಸುರಿಯುವುದು. ಬುಸ್ಸೆಂದು ಎದ್ದ ನೊರೆಯನ್ನು ನೋಡಲು ಮನೆಮಂದಿಯನ್ನೆಲ್ಲ ಕರೆಯಲಾಗುತ್ತದೆ. ಆಮ್ಲವೂ ಕ್ಷಾರವೂ ಪರಸ್ಪರ ಹೊಡೆದಾಡಿ ಸತ್ತು, ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪಿನ ನೀರು ಎಂಬುದು ಆ ಸಂಭ್ರಮದಲ್ಲಿ ಯಾರಿಗೂ ಹೊಳೆಯುವುದಿಲ್ಲ. ಕರೆ ಅಲ್ಲೇ ಕೂತು ನೊರೆ ನೋಡುತ್ತಿರುತ್ತದೆ.

ಮೂರನೆಯ ಹಂತಕ್ಕೆ ಕಾರಣ ಮನೆಕೆಲಸದಾಕೆ: “ಸಾರ್, ಆಸಿಡ್ ತರ್ಸಿ, ಒಂದೇ ನಿಮಿಷ.” ಬಚ್ಚಲಿಗೆ ಹಾಕುವ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಅದು ಕರೆಯ ಜೊತೆಗೆ ನಲ್ಲಿಯ ಹೊಳಪನ್ನೂ ಹೊಸ್ತಿಲ ಅಮೃತಶಿಲೆಯ ನುಣುಪನ್ನೂ ಒಯ್ಯುತ್ತದೆ, ಏಕೆಂದರೆ ಅಮೃತಶಿಲೆಯೂ ಕರೆಯ ಹಾಗೇ ಸುಣ್ಣದ ಬಳಗ. ಆಸಿಡ್ ಬ್ಲೀಚಿಂಗ್ ಪುಡಿಗೆ ಬೆರೆತರೆ ಏಳುವುದು ಕ್ಲೋರಿನ್ ಅನಿಲ, ಅದು ಪ್ರಾಣಕ್ಕೇ ಅಪಾಯ. ಇಲ್ಲಿ ಮಾತ್ರ ಯಜಮಾನರ ಪುಕ್ಕಲುತನ ಮೆಚ್ಚತಕ್ಕದ್ದು. ಬಾಟಲಿಯ ಮೇಲಿನ ಸಣ್ಣಕ್ಷರ ಓದಲು ಅವರು ಕನ್ನಡಕ ಹುಡುಕುವಷ್ಟರಲ್ಲಿ ಯಜಮಾನತಿ ಬಾಟಲಿಯನ್ನು ಎತ್ತಿಟ್ಟಿರುತ್ತಾರೆ.

ಯಜಮಾನತಿಗೆ ಈ ರಸಾಯನಶಾಸ್ತ್ರ ಹೊಸದಲ್ಲ. ಇಡ್ಲಿ ಪಾತ್ರೆಯ ತಳದ ನೀರಿಗೆ ಅವರು ಮೂವತ್ತು ವರ್ಷದಿಂದ ಹಿಂಡಿದ ನಿಂಬೆಯ ಹೋಳು ಹಾಕುತ್ತ ಬಂದಿದ್ದಾರೆ, ತಾಮ್ರದ ಹಂಡೆಗೆ ಹುಣಸೆಹಣ್ಣು ಉಜ್ಜಿದ್ದಾರೆ. ಮೆಲುವಾದ ಹುಳಿಗೆ ಸಮಯ ಕೊಟ್ಟರೆ ಸಾಕು ಎಂಬುದು ಅವರಿಗೆ ಗೊತ್ತು. ಯಜಮಾನರು ಇದನ್ನೇ ಆರು ತಿಂಗಳ ನಂತರ ತಮ್ಮ ಸಂಶೋಧನೆಯೆಂದು ಪ್ರಕಟಿಸುತ್ತಾರೆ.

ಫಲ ಕೊಡುವ ಕ್ರಮ ಹೀಗಿದೆ. ಹಳೆಯ ಪಂಚೆಯ ತುಂಡನ್ನು ಬಿಳಿ ವಿನೆಗರಿನಲ್ಲಿ ಅದ್ದಿ ಗೆರೆಯ ಮೇಲೆ ಅರ್ಧ ಗಂಟೆ ಅಂಟಿಸಿಡಬೇಕು. ಸುಣ್ಣ ಕರಗುತ್ತದೆ, ಸೋಪಿನ ಜಿಡ್ಡು ಕ್ಯಾಲ್ಸಿಯಂ ಕಳಚಿಕೊಂಡು ಬರಿಯ ಕೊಬ್ಬಿನಾಮ್ಲವಾಗುತ್ತದೆ. ಹುಳಿಯ ಕೆಲಸ ಅಲ್ಲಿಗೆ ಮುಗಿಯಿತು, ಕೊಬ್ಬು ಅದಕ್ಕೆ ಹೋಗದು. ವಿನೆಗರನ್ನು ತೊಳೆದು, ಬಿಸಿನೀರು ಮತ್ತು ಪಾತ್ರೆ ತೊಳೆಯುವ ದ್ರವ ಹಾಕಿ ಮೆತ್ತನೆಯ ಸ್ಪಂಜಿನಿಂದ ಉಜ್ಜಬೇಕು. ದಪ್ಪ ಕರೆಗೆ ಎರಡು ಮೂರು ಆವರ್ತನ. ಎನಾಮಲ್ ಬಳಿದ ಹಳೆಯ ಕಬ್ಬಿಣದ ಟಬ್ಬಿಗೆ ಹುಳಿಯನ್ನು ಅಷ್ಟು ಹೊತ್ತು ಬಿಡಬಾರದು, ಹೊಳಪು ಕುಂದೀತು.

ಮತ್ತೆ ಕರೆ ಕಟ್ಟದಿರಲು ಉಪಾಯ ಒಂದೇ: ನೀರು ಆರುವ ಮುನ್ನ ಒರೆಸುವುದು. ಸೋಪು ಬಿಟ್ಟು ದ್ರವರೂಪದ ಬಾಡಿವಾಶ್ ಬಳಸಿದರೆ ಜಿಡ್ಡು ಕಡಿಮೆ, ಅವುಗಳಲ್ಲಿ ಹೆಚ್ಚಿನವು ಡಿಟರ್ಜೆಂಟ್ ಜಾತಿ. ಈ ಸುಧಾರಣೆ ಮನೆಯಲ್ಲಿ ಬಿದ್ದುಹೋಗುತ್ತದೆ. ಗಂಧದ ಸೋಪಿನ ವಿಷಯದಲ್ಲಿ ಯಜಮಾನತಿ ಚರ್ಚೆಗೇ ಇಳಿಯುವುದಿಲ್ಲ. ಹಾಗಾಗಿ ಬಾಗಿಲ ಹಿಂದೆ ವೈಪರ್ ನೇತಾಡುತ್ತದೆ, ಪಕ್ಕದಲ್ಲಿ ಯಜಮಾನರ ಕೈಬರಹದ ಚೀಟಿ: “ಬಳಸಿದವರು ಒರೆಸತಕ್ಕದ್ದು.” ಟಬ್ಬು ಶುಭ್ರವಾದ ಮೇಲೆ ಅದರೊಳಗೆ ರಗ್ಗಿಗೂ ಪ್ರವೇಶವಿಲ್ಲ. ದಿನಕ್ಕೆರಡು ಸಲ ಯಜಮಾನರು ಒಣಗಿದ ಟಬ್ಬನ್ನೇ ಒರೆಸುತ್ತಾರೆ. ಗೇಟಿನಲ್ಲಿ ಟ್ಯಾಂಕರಿನ ಹಾರ್ನ್ ಕೇಳಿದ ಕ್ಷಣ ಮಾತ್ರ, ಚೀಟಿ ಗೀಟಿ ಯಾವುದೂ ಅಡ್ಡಬರದೆ, ಬಿರಡೆ ಮುಚ್ಚಿ ನಲ್ಲಿ ತಿರುಗಿಸುವವರೂ ಅವರೇ.